ಹೊರಗಿನ ಕೀಲಿ

ಸಾರಿಕಾ ಮಹಾರಾಷ್ಟ್ರದ ಗಡಿಯ ಉದಗೀರದ ಕಾಲೇಜಿನಲ್ಲಿ ಎಂಬಿಎ ಓದುತ್ತಿದ್ದಳು. ಅವಳ ವಿಷಯ ಮಾನವ ಸಂಪನ್ಮೂಲ. ಪ್ರಾಜೆಕ್ಟಿಗೆಂದು ಊರಾಚೆಯ ಬೇಳೆ ಮಿಲ್ಲಿಗೆ ಹೋಗುತ್ತಿದ್ದಳು. ಅವಳ ತಂದೆ ಸಿದ್ಧಯ್ಯ ಮಿಲ್ಲಿನ ಮಾಲಕರ ಮನೆಗೆ ಪೂಜೆಗೆ ಹೋಗುವ ಅಯ್ಯನವರು. ಆ ಸಲಿಗೆಯಿಂದಲೇ ಅವಳಿಗೆ ಒಳಗೆ ಪ್ರವೇಶ ಸಿಕ್ಕಿತ್ತು. ಅಲ್ಲಿ ಹೆಂಗಸರು ಕೆಲಸ ಬಿಟ್ಟು ಹೋಗುವುದು ಯಾಕೆ ಎಂಬುದು ಅವಳ ಪ್ರಶ್ನೆ.

ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತಿತ್ತು: "ಎಲ್ಲಾ ಚಲೋ ಅದರೀ ಮೇಡಂ." ಕೊನೆಗೆ, ತೊಗರಿ ಹಸನು ಮಾಡುವ ಜಗದೇವಿ ನೀರಿನ ಟಾಕಿಯ ಹತ್ತಿರ ಬಾಯಿ ಬಿಟ್ಟಳು.

"ಊಟ ಆದ ಮ್ಯಾಲ ಹೊರಗಿಂದ ಕೀಲಿ ಹಾಕ್ತಾರ್ರೀ. ಯಾರೂ ಲಗೂ ಮನಿಗಿ ಹೋಗಬಾರ್ದಂತ. ನನ್ನ ಹೆಸರ ಮಾತ್ರ ಹೇಳಬ್ಯಾಡ್ರೀ."

ಸಾರಿಕಾ ಹೆಸರು ಹೇಳಲಿಲ್ಲ. ಸಂಗತಿಯನ್ನು ಮಾತ್ರ ಮ್ಯಾನೇಜರ್ ನಂದಕುಮಾರನ ಮುಂದಿಟ್ಟಳು. ಅವನು ಸಿಟ್ಟಾಗಲಿಲ್ಲ. ಚಹಾ ತರಿಸಿದ.

"ಯಾರು ಹೇಳಿದ್ರು?"

"ಅದು ಹೇಳ್ಲಿಕ್ಕ ಬರಲ್ರೀ ಸರ್."

"ಇರ್ಲಿ ಬಿಡ್ರಿ." ಚಹಾದ ಬಶಿಯನ್ನು ಅವಳತ್ತ ಸರಿಸಿದ. "ನಿಮ್ಮ ಅಪ್ಪೋರು ಮಾಲಕರ ಮನಿಗಿ ಭಾಳ ವರ್ಷದಿಂದ ಬರ್ತಾರ, ಹೌದಿಲ್ಲೋ?"

ಅದು ಬೆದರಿಕೆಯೆಂದು ಅವಳಿಗೆ ತಿಳಿಯಿತು. ನಂಬಿ ಹೇಳಿದ ಮಾತನ್ನು ಕಾಯಬೇಕೆಂದು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಬಂದವಳು ಅವಳು. ಈಗ ಚಹಾ ಮುಟ್ಟದೆ ಎದ್ದಳು.

ಮರುದಿನ ಊಟದ ಹೊತ್ತಿಗೆ ಹೆಂಗಸರ ಜೊತೆ ಶೆಡ್ಡಿನೊಳಗೇ ಕುಳಿತಳು. ಕಣ್ಣಾರೆ ನೋಡಬೇಕಿತ್ತು. ಸ್ವಲ್ಪ ಹೊತ್ತಿಗೆ ಕಬ್ಬಿಣದ ಬಾಗಿಲು ಮುಚ್ಚಿತು, ಹೊರಗೆ ಸರಪಳಿ ಸದ್ದಾಯಿತು. ಯಾರೂ ತಲೆ ಎತ್ತಲಿಲ್ಲ. ಸಾರಿಕಾ ಮಾತ್ರ ಬಾಗಿಲ ಕಡೆ ತಿರುಗಿ ನೋಡಿದಳು. ಬೇಳೆಯ ಧೂಳು ಗಾಳಿಯಲ್ಲಿ ದಟ್ಟವಾಗಿ ನಿಂತಿತ್ತು.

ಮೊದಲು ಬಂದದ್ದು ರಬ್ಬರು ಸುಟ್ಟ ವಾಸನೆ. ಆಮೇಲೆ ಮಶೀನು ತಿರುಗಿಸುವ ಮೇಲಿನ ರಬ್ಬರು ಪಟ್ಟಾದ ಕಡೆಯಿಂದ ಹೊಗೆ. ಯಾರೋ ಕೂಗಿದರು, ಎಲ್ಲರೂ ಬಾಗಿಲಿಗೆ ಓಡಿದರು. ಬಡಿದರು. ಮಶೀನಿನ ಗದ್ದಲದಲ್ಲಿ ಆ ಬಡಿತ ಹೊರಗೆ ಯಾರಿಗೆ ಕೇಳಬೇಕು? ಸಾರಿಕಾ ನಂದಕುಮಾರನಿಗೆ ಫೋನು ಮಾಡಿದಳು. ರಿಂಗಾಯಿತು, ಅವನು ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಪೊಲೀಸರ ನಂಬರು ಒತ್ತಿದಳು. ಜಗದೇವಿ ಕೆಮ್ಮುತ್ತ ಅವಳ ಕುಪ್ಪಸದ ತೋಳು ಹಿಡಿದುಕೊಂಡಿದ್ದಳು.

ಅಂಗಳದಲ್ಲಿ ಮೂಟೆ ಹೊರುತ್ತಿದ್ದ ಹಮಾಲರಿಗೆ ಹೊಗೆ ಕಂಡಿತು. ಅವರು ಹಾರೆ ಹಾಕಿ ಸರಪಳಿ ಮುರಿದರು. ಎಲ್ಲರೂ ಹೊರಗೆ ಬಿದ್ದರು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಪೊಲೀಸ್ ಜೀಪು ಬಂದಾಗ ನಂದಕುಮಾರ ಗೇಟಿನಲ್ಲೇ ನಿಂತು, ಸಣ್ಣ ಹೊಗೆ ಅಷ್ಟೇ ಎಂದು ಹೇಳುತ್ತಿದ್ದ.

"ಫೋನ್ ಕುಣಿ ಕೇಲಾ?" ಫೋನು ಮಾಡಿದವರು ಯಾರೆಂದು ಹವಾಲ್ದಾರ ಮರಾಠಿಯಲ್ಲಿ ಕೇಳಿದ.

ಹೆಂಗಸರು ನೆಲ ನೋಡಿದರು. ಜಗದೇವಿಯೂ. ನಂದಕುಮಾರ ಸಾರಿಕಾಳನ್ನೇ ನೋಡುತ್ತಿದ್ದ. ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಮೀ ಕೇಲಾ," ತಾನೇ ಮಾಡಿದ್ದೆಂದಳು. "ಹೊರಗಿಂದ ಕೀಲಿ ಹಾಕಿದ್ರು. ನಾನೂ ಒಳಗ ಇದ್ದೆ."

ಸಂಜೆ ಸಿದ್ಧಯ್ಯ ಮಾಲಕರ ಮನೆಯಿಂದ ಬೇಗ ಬಂದರು. ಜೋಳಿಗೆ ಗೂಟಕ್ಕೆ ಹಾಕಿ ಕುಳಿತರು.

"ನಾಳಿಂದ ಪೂಜಿಗಿ ಬರಬ್ಯಾಡ್ರಿ ಅಂದಾರ," ಎಂದರು. ಸಾರಿಕಾ ತಪ್ಪಾಯಿತೆನ್ನಲು ಹೋದಳು. ಅವರು ಕೇಳಿಸಿಕೊಳ್ಳಲಿಲ್ಲ. "ಹೊಗಿ ಭಾಳ ಇತ್ತೇನವಾ?"

"ಇತ್ತರೀ ಅಪ್ಪಾ."

ಅವರ ಕೈ ಅವಳ ತಲೆಯ ಮೇಲೆ ಬಂದಿತು.

ಮಿಲ್ಲಿನ ಪ್ರಾಜೆಕ್ಟು ಅಲ್ಲಿಗೇ ನಿಂತಿತು. ಕಾರ್ಮಿಕ ಇಲಾಖೆಯವರು ಅವಳನ್ನು ಹೇಳಿಕೆ ಕೊಡಲು ಜಿಲ್ಲಾ ಕೇಂದ್ರ ಲಾತೂರಿಗೆ ಕರೆದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ: ಒಬ್ಬಳ ಮಾತನ್ನು ಯಾರು ನಂಬುತ್ತಾರೆ? ಕಚೇರಿಯ ಬೆಂಚಿನ ಮೇಲೆ ಜಗದೇವಿ ಕೂತಿದ್ದಳು, ಪಕ್ಕದಲ್ಲಿ ಮಿಲ್ಲಿನ ಇನ್ನೂ ಕೆಲವು ಹೆಂಗಸರು. ಅವರೂ ಹೆದರುತ್ತಲೇ ಹೇಳಿಕೆ ಕೊಡಲು ಬಂದಿದ್ದರು.

ಜಗದೇವಿ ಸೆರಗು ಎಳೆದುಕೊಂಡು ಸರಿದು ಕೂತಳು, ಸಾರಿಕಾಳಿಗೆ ಜಾಗ ಮಾಡಿದಳು.