ಫೋಟೋದಲ್ಲಿದ್ದ ಹಲ್ಲು

"ಬಾಯಿ ತೆರಿ. ನಾಲಿಗಿ ಹಿಂದಕ್ಕ ಇಟ್ಕೋ. ಮಾತಾಡಬ್ಯಾಡ," ಎಂದ ದುಂಡೇಶ.

ತಂಗಿ ಗುರುದೇವಿ ಕಿಟಕಿಯ ಬೆಳಕಿಗೆ ಮುಖಮಾಡಿ ಕೂತಿದ್ದಳು. ಅವಳ ತುಟಿಗೆ ಕೊಬ್ಬರಿ ಎಣ್ಣೆ ಬಳಿದು, ಒಸಡಿನ ಮೇಲೆ ಅರಳೆ ತುರುಕಿದ್ದ. ಪಕ್ಕದ ಎರಡು ಲೋಟಗಳಲ್ಲಿ ಒಂದರಲ್ಲಿ ಶೆಡ್ಡಿನಿಂದ ತಂದ ಆಸಿಡ್, ಇನ್ನೊಂದರಲ್ಲಿ ಅಡುಗೆ ಸೋಡಾ ಕಲಸಿದ ನೀರು. ಹೆಗ್ಗನಹಳ್ಳಿಯ ಪ್ಲೇಟಿಂಗ್ ಶೆಡ್ಡಿನಲ್ಲಿ ಆರು ವರ್ಷದಿಂದ ಅವನು ಮಾಡುತ್ತ ಬಂದದ್ದೂ ಇದೇ ಕೆಲಸ. ತುಕ್ಕು ಹಿಡಿದ ಬೋಲ್ಟುಗಳನ್ನು ಆಸಿಡ್ ತೊಟ್ಟಿಯಲ್ಲಿ ಅದ್ದಬೇಕು, ತೆಗೆಯಬೇಕು, ತೊಳೆಯಬೇಕು. ಅವನ ಕೈ ದಾಟಿದ ಮಾಲು ಒಂದು ಸಲವೂ ವಾಪಸು ಬಂದಿರಲಿಲ್ಲ.

ಮುಂಡರಗಿ ಕಡೆಯ ಅವರ ಊರಿನಲ್ಲಿ ಬೋರಿನ ನೀರು ಕುಡಿದವರ ಹಲ್ಲೆಲ್ಲ ಕಂದು. ಊರಿಗೆ ಊರೇ ಹಾಗಿದ್ದರೆ ಯಾರು ಯಾರನ್ನು ಆಡಿಕೊಳ್ಳಬೇಕು? ಬೆಂಗಳೂರಿಗೆ ಬಂದ ಮೇಲೆಯೇ ಅದು ಕಲೆ ಎಂದು ಗೊತ್ತಾದದ್ದು. ನೋಡಲು ಬಂದ ಎರಡು ಮನೆಯವರು ಬೇಡವೆಂದು ಹೋದರು. "ಹುಡುಗಿ ತಂಬಾಕ ತಿಂತಾಳೇನ್ರಿ?" ಎಂದು ಎರಡನೆಯವರು ಎದುರಿಗೇ ಕೇಳಿದ್ದರು. ಅಂದಿನಿಂದ ಗುರುದೇವಿ ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಿದ್ದಳು. ಆಮೇಲಾಮೇಲೆ ನಗುವುದೂ ಕಡಿಮೆಯಾಯಿತು.

ಈ ಸಲದ ಸಂಬಂಧಕ್ಕೆಂದು ಫೋಟೋ ತೆಗೆಸಿದಾಗ ವಿಜಯನಗರದ ಸ್ಟುಡಿಯೋದವನು ಯಾರೂ ಕೇಳದೆಯೇ ಕಂಪ್ಯೂಟರಿನಲ್ಲಿ ಹಲ್ಲು ಬೆಳ್ಳಗೆ ಮಾಡಿಕೊಟ್ಟುಬಿಟ್ಟ. "ಈಗೆಲ್ಲಾ ಹಿಂಗೇ ಸಾರ್, ಎಲ್ರೂ ಮಾಡಿಸ್ತಾರೆ," ಎಂದ. ಆ ಫೋಟೋ ಆರ್‌ಪಿಸಿ ಲೇಔಟಿನಲ್ಲಿದ್ದ ಹುಡುಗನ ತಾಯಿ ದಾನಮ್ಮನವರ ಕೈ ಸೇರಿತು. 'ಹುಡುಗಿ ನಗಿ ಭಾಳ ಚಂದ ಐತಿ, ಐತವಾರ ಬರ್ತೀವಿ' ಎಂದು ಹೇಳಿಕಳಿಸಿದರು. ಇವತ್ತು ಶುಕ್ರವಾರ.

"ಹಲ್ಲಿನ ಡಾಕ್ಟರ್ ಕಡೆ ಹೋಗೂಣಲ್ಲಣ್ಣ?" ಎಂದು ಬೆಳಿಗ್ಗೆ ಗುರುದೇವಿ ಕೇಳಿದ್ದಳು.

"ಅವರು ಆರು ಸಲ ಬಾ ಅಂತಾರ. ನಮಗಿರೂದು ಎರಡ ದಿನ. ತುಕ್ಕು ತೆಗ್ಯೂದು ನನಗ ಬರೂದಿಲ್ಲೇನು?"

ಬಾಗಿಲಲ್ಲಿ ನಿಂತ ತಾಯಿ ಅಕ್ಕವ್ವ, "ಸುಟ್ಟೀತು, ನೋಡಪಾ," ಎಂದಳು.

"ನೀರ ಬೆರಸೀನಿ ಬಿಡಬೇ."

ಕಡ್ಡಿಗೆ ಸುತ್ತಿದ ಅರಳೆ ತಾಗಿದಲ್ಲಿ ಸಣ್ಣಗೆ ನೊರೆ ಎದ್ದಿತು. ಅವಳ ಕಣ್ಣಿಂದ ನೀರು ಸುರಿಯಿತು. ಆದರೂ ಕೈ ಎತ್ತಿ ತಡೆಯಲಿಲ್ಲ. ಸೋಡಾ ನೀರು ಮುಕ್ಕಳಿಸಿ ಉಗುಳಿದಾಗ ಮುಂದಿನ ನಾಲ್ಕು ಹಲ್ಲು ಬೆಳ್ಳಗಾಗಿದ್ದವು. ಒಂದರ ಮೇಲೆ ಮಾತ್ರ ತೆಳ್ಳನೆಯ ಗೆರೆ ಉಳಿದಿತ್ತು.

"ಸಾಕೇನಣ್ಣ?"

ಶೆಡ್ಡಿನ ಮೇಸ್ತ್ರಿ ಅಂಜಿನಯ್ಯ ಮೊದಲ ದಿನವೇ ಹೇಳಿಕೊಟ್ಟ ಮಾತೊಂದಿತ್ತು. "ತುಕ್ಕು ಹೋದ ತಕ್ಷಣ ತೆಗೀಬೇಕು ಕಣೋ. ಆಮೇಲೆ ಆಸಿಡ್‌ಗೆ ತಿನ್ನಕ್ಕೆ ಕಬ್ಬಿಣ ಒಂದೇ ಉಳಿಯೋದು." ಬೋಲ್ಟಿನ ಮುಂದೆ ದುಂಡೇಶ ಅದನ್ನು ಎಂದೂ ಮರೆತವನಲ್ಲ. ತಂಗಿಯ ಮುಂದೆ ಮರೆತ.

"ಇನ್ನೊಂದ ಸಲ," ಎಂದ.

ಭಾನುವಾರ ಗುರುದೇವಿ ಕೈ ಅಡ್ಡ ಇಡದೆ ನಕ್ಕಳು. ದಾನಮ್ಮ ಫೋಟೋವನ್ನೂ ಅವಳನ್ನೂ ನೋಡಿ ತಲೆದೂಗಿದರು. ಹುಡುಗ ರೇವಣಸಿದ್ದ ತಲೆ ತಗ್ಗಿಸಿ ಒಪ್ಪಿಗೆ ಕೊಟ್ಟ. ಕಲಿತ ಕೆಲಸ ಸಾರ್ಥಕವಾಯಿತು ಎಂದುಕೊಂಡ ದುಂಡೇಶ.

ವಾರ ಕಳೆಯುವುದರೊಳಗೆ ಅವಳು ತಣ್ಣೀರು ಕುಡಿಯುವುದನ್ನು ಬಿಟ್ಟಳು. ಬಾಯಿ ತೆರೆದರೆ ಗಾಳಿ ತಾಗಿದರೂ ಜುಮ್ಮೆನ್ನುತ್ತಿತ್ತು. ಹಲ್ಲಿನ ಬಿಳುಪು ಸೀಮೆಸುಣ್ಣದ ಬಿಳುಪಾಗಿತ್ತು. ಹನ್ನೆರಡನೆಯ ದಿನ ರೊಟ್ಟಿ ಕಚ್ಚಿದಾಗ ಒಂದರ ಅಂಚು ಮುರಿದು ರೊಟ್ಟಿಯಲ್ಲೇ ಉಳಿಯಿತು. ದುಂಡೇಶ ಅವಳನ್ನು ಬಸವೇಶ್ವರನಗರದ ಹಲ್ಲಿನ ಡಾಕ್ಟರ ಬಳಿ ಕರೆದೊಯ್ದ.

"ಏನ್ ಹಾಕಿದ್ರಿ ಇದಕ್ಕೆ?" ಡಾಕ್ಟರಮ್ಮ ದೀಪ ಹತ್ತಿರ ಎಳೆದುಕೊಂಡು ಕೇಳಿದರು.

ದುಂಡೇಶ ಬಾಯಿ ತೆರೆಯುವ ಮೊದಲೇ ಗುರುದೇವಿ, "ನಾನ ನಿಂಬಿಹಣ್ಣು, ಉಪ್ಪು ಹಚ್ಚಿ ತಿಕ್ಕಿನ್ರಿ," ಎಂದಳು.

ಡಾಕ್ಟರಮ್ಮ ನಂಬಿದಂತೆ ಕಾಣಲಿಲ್ಲ. "ಕಲೆ ಇದ್ರೂ ಹಲ್ಲು ಗಟ್ಟಿಯಾಗಿತ್ತಮ್ಮ. ಈಗ ಮೇಲಿನ ಪದರಾನೇ ಹೋಗಿದೆ, ಅದು ಮತ್ತೆ ಬೆಳೆಯಲ್ಲ. ನಾಲ್ಕಕ್ಕೂ ಕ್ಯಾಪ್ ಹಾಕ್ಬೇಕು, ಒಂದೆರಡು ತಿಂಗಳು ಓಡಾಡ್ಬೇಕಾಗತ್ತೆ. ಬರೀ ಕಲೆ ಆಗಿದ್ರೆ ನಾವೇ ತೆಗೀತಿದ್ವಲ್ಲ."

ಹಚ್ಚಿದವನು ನಾನು ಎಂದು ಹೇಳದೆಯೇ ದುಂಡೇಶ ಫೀಸು ಕೊಟ್ಟು ಎದ್ದ. ನಿಶ್ಚಿತಾರ್ಥಕ್ಕೆ ನಾಲ್ಕೇ ದಿನ ಉಳಿದಿದ್ದವು.

"ಬೀಗರಿಗೆ ಹೇಳಿಬಿಡೂಣು ತಂಗೀ," ಎಂದ, ಬಸ್ ಸ್ಟಾಪಿನಲ್ಲಿ.

"ಏನಂತ ಹೇಳ್ತಿ? ಫೋಟೋದಾಗಿನ ಹಲ್ಲು ಸುಳ್ಳಂತೋ, ಬಾಯಾಗಿನವು ಸುಳ್ಳಂತೋ?" ಅವಳು ತುಟಿ ಮುಚ್ಚಿಕೊಂಡೇ ಮಾತಾಡುತ್ತಿದ್ದಳು. "ಮದುವಿ ಆಗೂಮಟ ತಡಕೋತೀನಿ. ನೀ ಸುಮ್ಕಿರು."

ನಿಶ್ಚಿತಾರ್ಥದ ದಿನ ಹಾಲ್ ತುಂಬ ಬೀಗರು. ಸೀರೆ, ಕುಂಕುಮ ಕೊಟ್ಟಾದ ಮೇಲೆ ದಾನಮ್ಮ ಕೊಬ್ಬರಿ ಚೂರಿನೊಡನೆ ದಪ್ಪನೆಯ ಕಲ್ಲುಸಕ್ಕರೆ ಹರಳೊಂದನ್ನು ಸೊಸೆಯ ಬಾಯಿಗಿಟ್ಟರು. "ಕಟಂ ಅಂತ ಕಡೀಬೇಕ ನೋಡವಾ, ಮಂದಿಗೆಲ್ಲ ಕೇಳೂಹಂಗ!"

ಎಲ್ಲರೂ ನಕ್ಕರು. ರೇವಣಸಿದ್ದನೂ ನಕ್ಕು ಅವಳ ಮುಖ ನೋಡಿದ. ಗುರುದೇವಿ ಕಡಿದಳು.

ಕಟ್ ಎಂದಿತು. ಸಕ್ಕರೆಯೆಂದುಕೊಂಡರು ಎಲ್ಲರೂ. ಸದ್ದು ಎಲ್ಲಿಂದ ಬಂತೆಂದು ದುಂಡೇಶನಿಗೆ ಗೊತ್ತಾಯಿತು. ಅವಳ ಬಲಗೈ ಬಾಯಿಯ ಕಡೆಗೆ ಅರ್ಧ ಎದ್ದು ಮತ್ತೆ ಮಡಿಲಿಗಿಳಿಯಿತು. ಕಣ್ಣು ತುಂಬಿಕೊಂಡು, ತುಟಿ ಬಿಗಿದು, ಬಾಯಲ್ಲಿದ್ದುದನ್ನೆಲ್ಲ ಅವಳು ನುಂಗಿದಳು. ಗಂಟಲು ಎರಡು ಸಲ ಅಲುಗಿತು.

"ತವರ ನೆನಸಿ ಈಗಿಂದನ ಅಳಾಕ ಹತ್ಯಾಳ," ಎಂದರು ಯಾರೋ.

ದಾನಮ್ಮ ತಟ್ಟೆಯನ್ನು ದುಂಡೇಶನ ಮುಂದೆ ಹಿಡಿದರು. "ನೀವೂ ಬಾಯಿ ಸಿಹಿ ಮಾಡ್ಕೋರಿ."

ಅವನು ಒಂದು ಹರಳು ಎತ್ತಿಕೊಂಡು ಬಾಯಿಗಿಟ್ಟ. ಅವನ ಕಂದು ಹಲ್ಲುಗಳ ನಡುವೆ ಅದು ಒಂದೇ ಕಡಿತಕ್ಕೆ ಪುಡಿಯಾಯಿತು.