ಮುಂದಿನವು ದಾಟಲಿ

ಹತ್ತೊಂಬತ್ತು ದಿನ ಹೊಳೆದಂಡೆಯಲ್ಲಿ ಕೂತು ಒಂದೇ ಗುಡ್ಡವನ್ನು ನೋಡಿ ನೋಡಿ ಮೈರಾಳಿಗೆ ಸಾಕುಸಾಕಾಗಿತ್ತು. ರಾಷ್ಟ್ರೀಯ ಉದ್ಯಾನ ಶುರುವಾಗುವುದು ಆ ಗುಡ್ಡದಿಂದ. ಅದರಾಚೆ ಲೆಕ್ಕವಿಲ್ಲದಷ್ಟು ಕೆರೆಗಳು, ಕೆರೆಗಳಾಚೆ ಬೋಳು ಬೆಟ್ಟಗಳು, ಬೆಟ್ಟಗಳಾಚೆ ಹೆಪ್ಪುಗಟ್ಟುವ ಸಮುದ್ರ. ಸರ್ಕಾರ ನಕ್ಷೆಯಲ್ಲಿ ಗೆರೆ ಎಳೆದು ಹೆಸರಿಡುವುದಕ್ಕೆ ಎಷ್ಟೋ ಮೊದಲಿಂದ ಹಿಮಸಾರಂಗಗಳು ಶರತ್ಕಾಲದಲ್ಲಿ ಅಲ್ಲಿಂದಲೇ ಇಳಿದು, ಇದೇ ತಿರುವಿನಲ್ಲಿ ಹೊಳೆ ದಾಟಿ ದಕ್ಷಿಣದ ಕಾಡಿಗೆ ಹೋಗುತ್ತಿದ್ದವು. ಈ ವರ್ಷ ಮಾತ್ರ ಪತ್ತೆಯಿಲ್ಲ. ಬಾತುಗಳು ಹಾರಿಹೋಗಿದ್ದವು, ದಂಡೆಯ ಪೊದೆಗಳ ಎಲೆ ಹಳದಿಯಾಗಿ ಉದುರಿಯೂ ಆಗಿತ್ತು. ಒಂದು ಕರಡಿ ದಿನಾ ಎದುರು ದಡಕ್ಕೆ ಬಂದು, ಮೀನು ಹುಡುಕಿ, ಇವಳತ್ತ ಒಮ್ಮೆ ನೋಡಿ ಹೊರಟುಹೋಗುತ್ತಿತ್ತು.

ಅರವತ್ತಾರರ ಮಂಡಿಗಳು ಒದ್ದೆ ನೆಲಕ್ಕೆ ಒಗ್ಗುವುದಿಲ್ಲ. ಆದರೂ ಅವಳು ಕೂತಿದ್ದುದು ಅಣ್ಣ ಎಲೈಷಾನಿಗಾಗಿ. ಊರಲ್ಲಿ ಹಾಸಿಗೆ ಹಿಡಿದಿದ್ದ ಅವನು ಕೇಳಿದ್ದು ಒಂದನ್ನೇ: ಕಣ್ಣು ಮುಚ್ಚುವ ಮುಂಚೆ ಒಂದು ಬಟ್ಟಲು ಹೊಸ ಸಾರಂಗದ ಮೂಳೆ ಸಾರು. ನರ್ಸಮ್ಮ ಹೇಳಿದ್ದ ದಿನಗಳು ಮುಗಿಯುತ್ತ ಬಂದಿದ್ದವು.

ದೋಣಿ ನಡೆಸಲು ಬಂದಿದ್ದವನು ಎಲೈಷಾನ ಮಗ ವಿಲರ್ಡ್, ನಲವತ್ತು ದಾಟಿದವನು.

"ಅತ್ತೆ, ಹೊಳೆ ಅಂಚಲ್ಲಿ ಮಂಜುಗಡ್ಡೆ ಕಟ್ತಾ ಇದೆ. ನಾಳೆ ಹೊರಡ್ಲಿಲ್ಲಾಂದ್ರೆ ನಾವಿಬ್ರೂ ಇಲ್ಲೇ ಸಂಸಾರ ಹೂಡ್ಬೇಕಾಗತ್ತೆ."

"ನಿನ್ ಜೊತೆಗಾ? ಆ ಕರಡೀನೇ ವಾಸಿ. ಅದು ಗೊರಕೆ ಹೊಡೆಯಲ್ಲ."

ಆ ಮಧ್ಯಾಹ್ನವೇ ಅವು ಬಂದವು. ಒಂಬತ್ತು ಹೆಣ್ಣು ಸಾರಂಗಗಳು, ಒಂದರ ಹಿಂದೊಂದು. ಎಲ್ಲಕ್ಕಿಂತ ಮುಂದಿದ್ದ ಮುದಿಯದರ ಎಡಗೊಂಬು ಮುರಿದಿತ್ತು. ಅದು ನೀರಿನಂಚಿಗೆ ಬಂದು ಮೂಸಿ ನಿಂತಿತು. ಮೈರಾ ಸದ್ದಿಲ್ಲದೆ ಬೆಂಕಿಗೆ ಮರಳು ಸುರಿದಳು. ತಿರುಗಿ ನೋಡಿದರೆ ವಿಲರ್ಡ್ ಬಂದೂಕು ಎತ್ತಿಯಾಗಿತ್ತು.

"ಇಳಿಸೋ," ಅವಳು ಪಿಸುಗುಟ್ಟಿದಳು. "ಮುಂದಿನವು ದಾಟ್ಲಿ."

"ಒಂದೇ ಒಂದು, ಅತ್ತೆ. ಅಪ್ಪ ಸಾಯ್ತಾ ಇದಾನೆ."

"ಈ ಮಾತು ಕಲಿಸಿದ್ದೂ ನಿನ್ನಪ್ಪಾನೇ. ಮುಂದಿನವನ್ನ ಹೆದರಿಸಿದ್ರೆ ಹಿಂದಿನ ಸಾವಿರ ಬೇರೆ ದಾರಿ ಹಿಡೀತಾವೆ. ಚಳಿಗಾಲಕ್ಕೆ ಊರೇನು ನಿನ್ ದೋಣೀನ ಬೇಯಿಸ್ಕೊಂಡು ತಿನ್ನುತ್ತಾ?"

ಅವಳು ಬಂದೂಕಿನ ನಳಿಗೆಯನ್ನು ಹಿಡಿದು ಕೆಳಕ್ಕೆ ಒತ್ತಿದಳು. ಅವನಿಗಿಂತ ಹೆಚ್ಚಾಗಿ ಅವಳಿಗೇ ಹೊಡೆಯುವ ಆಸೆಯಿತ್ತು ಎಂಬುದು ಆ ಪೆದ್ದನಿಗೆ ಹೇಗೆ ಗೊತ್ತಾಗಬೇಕು? ಮುದಿ ಸಾರಂಗ ನೀರಿಗಿಳಿಯಿತು. ಉಳಿದವು ಹಿಂದೆಯೇ ಇಳಿದವು. ಈಚೆ ದಡ ಹತ್ತಿ, ಮೈ ಒದರಿ, ಇವರಿಂದ ಮೂವತ್ತು ಹೆಜ್ಜೆ ದೂರದಲ್ಲೇ ಹಾದು, ಅವಸರವೇ ಇಲ್ಲದೆ ಕಾಡಿನೊಳಗೆ ಹೋದವು.

ಹಿಂದಿನವುಗಳಿಗಾಗಿ ಕತ್ತಲಾಗುವವರೆಗೂ ಕಾದರು. ಬೆಳಿಗ್ಗೆ ಎದ್ದು ಮತ್ತೆ ಕಾದರು. ಗುಡ್ಡ ಖಾಲಿಯಾಗಿಯೇ ಇತ್ತು. ಹೊಳೆಯಲ್ಲಿ ತಟ್ಟೆಯಗಲದ ಮಂಜುಗಡ್ಡೆಗಳು ತೇಲಿಬರತೊಡಗಿದ ಮೇಲೆ ವಿಲರ್ಡ್ ದೋಣಿಯ ಮೋಟರ್ ಚಾಲೂ ಮಾಡಿದ. ದಾರಿಯುದ್ದಕ್ಕೂ ಅವನು ಅತ್ತೆಯ ಮುಖ ನೋಡಲಿಲ್ಲ. ಅವಳಿಗೂ ನೋಡಿಸಿಕೊಳ್ಳುವ ತ್ರಾಣ ಇರಲಿಲ್ಲ.

ಎಲೈಷಾ ಇನ್ನೂ ಇದ್ದ. ದಿಂಬಿಗಿಂತ ಹಗುರವಾಗಿದ್ದ.

"ಬಂದ್ವಾ?"

"ಒಂಬತ್ತು ಬಂದ್ವು. ಮುಂದಿನವು. ಬಿಟ್ಬಿಟ್ಟೆ ಅಣ್ಣ. ಬರಿಗೈಲಿ ಬಂದಿದೀನಿ."

ಅವನು ಮಗನಿಗೆ ಸೌದೆ ತರಲು ಹೇಳಿ ಕಳಿಸಿದ. ಒಲೆಯ ಪಕ್ಕ ಸೌದೆ ರಾಶಿಯೇ ಇತ್ತು.

"ನೀನು ಹುಟ್ಟಿದ ವರ್ಷ ನಾನು ಹೊಡೆದೆ," ಎಂದ. "ಎಲ್ಲಕ್ಕಿಂತ ಮುಂದಿದ್ದುದನ್ನೇ. ಹದಿನಾಲ್ಕು ವರ್ಷ ನನಗೆ. ಅಮ್ಮನ ಎದೇಲಿ ಹಾಲಿರ್ಲಿಲ್ಲ. ನೀನು ಅಳೋದನ್ನೂ ನಿಲ್ಲಿಸಿದ್ದೆ. ಮಂದೆ ತಿರುಗಿ ಎತ್ತಲೋ ಹೋಯ್ತು. ಆ ಚಳಿಗಾಲ ಊರಿಗೆ ಊರೇ ಕೊಬ್ಬಿಲ್ಲದ ಮೊಲ ತಿಂದ್ಕೊಂಡು ಒಣಗ್ತು, ಇಬ್ರು ಮುದುಕರು ಹೋದ್ರು. ಯಾರು ಹೊಡೆದಿದ್ದು ಅಂತ ಕೇಳಿದ್ರು. ನಾನು ಬಾಯಿ ಬಿಡ್ಲಿಲ್ಲ."

ಕಣ್ಣು ಬಿಟ್ಟಾಗಿನಿಂದ ಇವನ ಬಾಯಲ್ಲಿ ಆ ಒಂದು ನಿಯಮ ಕೇಳಿ ಕೇಳಿಯೇ ಮೈರಾ ಬೆಳೆದಿದ್ದಳು.

"ಅಮ್ಮ ಆ ಸಾರು ಕುಡಿದ್ಲು. ಹಾಲು ಬಂತು."

"ಹಾಗಾದ್ರೆ ನಾನೂ ಹೊಡೀಬೇಕಿತ್ತು ಅಂತೀಯಾ?" ಅವಳ ದನಿ ಒಡೆಯಿತು. "ನಿನಗೋಸ್ಕರ ಅಷ್ಟೂ ಮಾಡ್ಲಿಲ್ಲ ಅಂತಾನಾ?"

"ನನಗೆ ಹಸಿವಿಲ್ಲ ಅಂತೀನಿ. ನಿನ್ನೆವರೆಗೂ ಇತ್ತು." ಅವನು ಕೈ ಚಾಚಿ ಅವಳ ತೋಳು ಹಿಡಿದ. "ಕೂತ್ಕೋ. ಮುಂದೆ ಯಾವುದಿತ್ತು? ಹೇಗೆ ದಾಟಿದ್ವು? ನಾನು ಯಾವತ್ತೂ ಸಮಾಧಾನವಾಗಿ ನೋಡಿಲ್ಲ ಕಣೇ."

ಮೈರಾ ಒದ್ದೆ ಕೋಟನ್ನೂ ಬಿಚ್ಚದೆ ಮಂಚದ ಅಂಚಿನಲ್ಲಿ ಕುಳಿತಳು.

"ಒಂದು ಮುದಿ ಸಾರಂಗ," ಎಂದಳು, "ಎಡಗೊಂಬು ಮುರಿದಿತ್ತು."