ದೆಬ್ರಿತುವಿನ ಚಪ್ಪರ

"ಬಾಯ್ ಮುಚ್ಕೊಂಡು ಚಾದರ ಮಡಚೇ. ಅವಳು ಇಲ್ಲಿ ಸಾಯ್ಲಿಲ್ಲ. ಹೊರಗಡೆ ಫುಟ್‌ಪಾತ್ ಮೇಲೆ ಸತ್ತಿದ್ದು. ಎಷ್ಟು ಸಲ ಹೇಳ್ಬೇಕು ನಿಂಗೆ?"

ಹೋಟೆಲಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ನಮ್ಮ ಮೇಲೆ ಮೇಸ್ತ್ರಿಯಾಗಿದ್ದ ಹಾರ್ಲನ್ ನನ್ನ ಮುಖದ ಹತ್ತಿರಕ್ಕೇ ಬಂದು ಇದನ್ನು ಹೇಳಿದ. ಹಿಂದಿನ ದಿನ ನಮ್ಮ ಜೊತೆ ಕೆಲಸ ಮಾಡುತ್ತಿದ್ದ ದೆಬ್ರಿತು ಕುಸಿದದ್ದು ನನ್ನ ಪಕ್ಕದಲ್ಲೇ, ಇಸ್ತ್ರಿ ಹಾಕುವ ದೊಡ್ಡ ಯಂತ್ರದ ಮುಂದೆ. ಫ್ಯಾನು ಕೆಟ್ಟು ಎಷ್ಟೋ ಕಾಲವಾಗಿ ಆ ನೆಲಮಾಳಿಗೆ ಯಂತ್ರಗಳ ಬಿಸಿಗೆ ಒಲೆಯ ಹಾಗಿತ್ತು. ಎದೆ ಹಿಡಿಯುತ್ತಿದೆ, ಸ್ವಲ್ಪ ಕೂರುತ್ತೇನೆ ಎಂದು ಅವಳು ಕೇಳಿದ್ದಳು. ಕೂರುವುದಕ್ಕೆ ನಿಮ್ಮ ಇಥಿಯೋಪಿಯಾದಲ್ಲಿ ಬೇಕಾದಷ್ಟು ಮರದ ನೆರಳಿತ್ತಲ್ಲ, ಇಲ್ಲಿಗೇಕೆ ಬಂದೆ ಎಂದಿದ್ದ ಇವನು.

ಬಿದ್ದ ಮೇಲೂ ಆಂಬುಲೆನ್ಸಿಗೆ ಫೋನ್ ಮಾಡಲಿಲ್ಲ. ಕೊಳೆ ಬಟ್ಟೆ ಸಾಗಿಸುವ ತಳ್ಳುಗಾಡಿಯೊಳಗೆ ಅವಳನ್ನು ಹಾಕಿಸಿ, ಲಿಫ್ಟಿನಲ್ಲಿ ಮೇಲೆ ತರಿಸಿ, ಹಿಂಬಾಗಿಲಿನಿಂದ ಬೀದಿಗೆ ಇಳಿಸಿದ ಮೇಲೇ ಜೇಬಿನಿಂದ ಫೋನ್ ತೆಗೆದ. ಒಳಗೆ ಸತ್ತರೆ ಸರ್ಕಾರದವರು ಬಂದು ಫ್ಯಾನಿನ ಬಗ್ಗೆ ಕೇಳುತ್ತಾರೆ. ಬೀದಿಯಲ್ಲಿ ಸತ್ತವಳನ್ನು ಯಾರು ಕೇಳಬೇಕು? ನಾನು ಅವಳ ಕೈ ಹಿಡಿದುಕೊಂಡೇ ಹೋಗಿದ್ದೆ. ಆ ಕೈ ಸಡಿಲವಾದದ್ದು ಲಿಫ್ಟಿನಲ್ಲಿ.

ಸಾವಿಗೆ ಮೂರು ದಿನ ಕೂರಬೇಕು, ರಜೆ ಕೊಡಿ ಎಂದು ಕೇಳಿದೆವು.

"ಅವಳೇನ್ ನಿಮ್ಮಮ್ಮನಾ?" ಎಂದ ಹಾರ್ಲನ್. ಈ ಊರಿನಲ್ಲಿ ನಮಗೆ ಯಾರ ಅಮ್ಮನೂ ಇಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ.

ಅಮೆರಿಕದ ಈ ಡೆನ್ವರಿನಲ್ಲಿ ನಮ್ಮವರ ಸಂಘ ಎಂದರೆ ಟೈರ್ ಅಂಗಡಿಯ ಮೇಲಿನ ಎರಡು ಕೋಣೆ. ಹೊಸಬರಿಗೆ ಇಂಗ್ಲಿಷ್ ಕಲಿಸುವುದು, ಕೆಲಸ ಹುಡುಕಿಕೊಡುವುದು, ಆಸ್ಪತ್ರೆಗೆ ಜೊತೆಗೆ ಹೋಗಿ ಡಾಕ್ಟರಿಗೆ ನಮ್ಮ ಮಾತು ತಿಳಿಸುವುದು, ಎಲ್ಲ ಅಲ್ಲಿಂದಲೇ. ಸಾವಿನ ಕೆಲಸವೂ ಸಂಘದ್ದೇ. ಚಪ್ಪರದ ಬಟ್ಟೆ, ಕಂಬ, ಬೆಂಚು, ದೊಡ್ಡ ಪಾತ್ರೆಗಳು ಮೂಲೆಯಲ್ಲಿ ಸದಾ ಸಿದ್ಧವಾಗಿರುತ್ತವೆ. ಸತ್ತವರ ಮನೆಯ ಮುಂದೆ ಚಪ್ಪರ ಹಾಕಿ ಕೂರುವುದು ನಮ್ಮ ಪದ್ಧತಿ. ಆದರೆ ದೆಬ್ರಿತುವಿಗೆ ಮನೆ ಎಲ್ಲಿತ್ತು? ನಾಲ್ಕು ಜನ ಹಂಚಿಕೊಂಡಿದ್ದ ಒಂದು ಬಾಡಿಗೆ ಕೋಣೆ. ಅಳುವ ಸದ್ದು ಕೇಳಿದರೆ ಎಲ್ಲರನ್ನೂ ಹೊರಗೆ ಹಾಕುತ್ತೇನೆ ಎಂದು ಅದರ ಮಾಲೀಕ ಆಗಲೇ ಹೇಳಿ ಕಳಿಸಿದ್ದ.

ಸಂಘದೊಳಗೇ ಸದ್ದಿಲ್ಲದೆ ಮುಗಿಸೋಣ ಎಂದ ಕಾರ್ಯದರ್ಶಿ ಗೆಬೆಯೆಹು. ಒಳ್ಳೆಯ ಮನುಷ್ಯ, ಆದರೆ ಆ ಹೋಟೆಲಿನ ಹೆಸರು ಬಂದರೆ ಅವನ ಬೆನ್ನು ತಾನಾಗಿ ಬಾಗುತ್ತದೆ. ಪ್ರತಿ ಚಳಿಗಾಲ ಹೋಟೆಲಿನವರು ಹಳೆಯ ಕಂಬಳಿಗಳನ್ನು ಸಂಘಕ್ಕೆ ದಾನ ಕೊಟ್ಟು ಫೋಟೋ ಹೊಡೆಸಿಕೊಳ್ಳುತ್ತಾರೆ. ಆ ಕಂಬಳಿಗಳೂ ಮೂಲೆಯಲ್ಲಿದ್ದವು. ಒಂದೊಂದರ ಮೇಲೂ ಹೋಟೆಲಿನ ಹೆಸರು.

ನನಗೆ ಮೈ ಉರಿದುಹೋಯಿತು. "ಅಣ್ಣ, ಅವಳು ಎಲ್ಲಿ ಸತ್ಲು ಅಂತ ಆ ಬೋಳೀಮಗನೇ ಊರಿಗೆಲ್ಲ ಸಾರವ್ನೆ. ಅಲ್ಲೇ ಹಾಕಾನ ಚಪ್ಪರವ."

"ಹಂಗ್ ಮಾಡುದ್ರೆ ಅವನ ಸುಳ್ಳ ನಾವೇ ಒಪ್ಕಂಡಂಗಾಯ್ತದಲ್ಲ, ಅಸ್ನಕೆ?" ಎಂದು ಅವನು ನನ್ನ ಹೆಸರು ಹಿಡಿದು ಕೇಳಿದ.

"ಒಪ್ಕಂಡಂಗೇ ಕುಂತ್ಕಳಾನ. ನಮ್ಮ ಎಬ್ಬಿಸ್ಬೇಕು ಅಂದ್ರೆ ಅವನೇ ಬಂದು ನಿಜ ಬೊಗಳ್ಲಿ."

ಗೆಬೆಯೆಹು ಮೂಲೆಯ ಕಂಬಳಿಗಳ ಕಡೆ ನೋಡಿದ. ನಿಮ್ಮೆಲ್ಲರ ಕೆಲಸ ಹೋದರೆ ಇನ್ನು ಯಾರ ಬಾಗಿಲು ತಟ್ಟಲಿ ಎಂದ. ಊರಿನಲ್ಲಿ ನನ್ನ ಮಕ್ಕಳು ಶಾಲೆಗೆ ಹೋಗುವುದೇ ಈ ಕೆಲಸದಿಂದ. ಕೊನೆಗೆ ಅವನೇ ಎದ್ದು ಚಪ್ಪರದ ಕಂಬಗಳನ್ನು ಹೆಗಲಿಗೇರಿಸಿದ.

ಮರುದಿನ ಬೆಳಿಗ್ಗೆ ಹೋಟೆಲಿನ ಹಿಂಬಾಗಿಲ ಮುಂದಿನ ಫುಟ್‌ಪಾತಿನಲ್ಲಿ ಹಿಮ ಗುಡಿಸಿ ಚಪ್ಪರ ಎಬ್ಬಿಸಿದೆವು. ಬೆಂಚು ಸಾಲದೆ ಹೋಟೆಲಿನ ಕಂಬಳಿಗಳನ್ನೇ ಹಾಸಿದೆವು, ಹೆಸರು ಮೇಲೆ ಕಾಣುವ ಹಾಗೆ. ಟ್ಯಾಕ್ಸಿ ಓಡಿಸುವವರು ಬಂದರು, ವಿಮಾನ ನಿಲ್ದಾಣ ಗುಡಿಸುವವರು ಬಂದರು. ಹೆಂಗಸರು ಬಿಳಿ ಹೊದಿಕೆಯ ಬಣ್ಣದ ಅಂಚನ್ನು, ಸಾವಿಗೆ ಹೊದೆಯುವಂತೆ, ಕತ್ತಿನ ಕಡೆ ತಿರುಗಿಸಿಕೊಂಡಿದ್ದರು. ಇಂಜೆರಾ ರೊಟ್ಟಿಯ ಬುಟ್ಟಿಗಳು ಬಂದವು. ಒಬ್ಬಾಕೆ ಕಾಫಿ ಬೀಜ ಹುರಿಯಲು ಕೂತಳು.

ಹಾರ್ಲನ್ ಕೋಟೂ ಇಲ್ಲದೆ ಓಡಿ ಬಂದ.

"ಏನೇ ಇದು ನಾಟಕ? ಕಿತ್ತಾಕ್ರಿ ಇದನ್ನ. ಪೊಲೀಸ್ರನ್ನ ಕರೆಸ್ತೀನಿ. ಒಬ್ಬೊಬ್ರನ್ನೂ ಬಂದ ದಾರೀಲೇ ವಾಪಸ್ ಅಟ್ಟುಸ್ತೀನಿ."

ನಾನು ಎದ್ದು ನಿಂತೆ. ಭಯವಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

"ಕರ್ಸು ಪೊಲೀಸ್ರನ್ನ. ಬಂದು ಏನಾಯ್ತು ಅಂತ ಕೇಳ್ತಾರೆ. ನೀನ್ ಹೇಳ್ತೀಯೋ, ನಾನ್ ಹೇಳ್ಲೋ? ಅವಳು ಸತ್ತ ಜಾಗ ಇದು ಅಂದೋನು ನೀನು, ಅದ್ಕೇ ಕುಂತಿರಾದು. ಇಲ್ಲಿ ಸಾಯ್ಲಿಲ್ಲ ಅಂತ ಈ ಜನದ ಮುಂದೆ ಒಂದ್ ಮಾತು ಹೇಳ್ಬುಡು. ಈಗಿಂದೀಗ್ಲೇ ಕಿತ್ಕಂಡು ಒಳಕ್ ತತ್ತೀವಿ. ಇಸ್ತ್ರಿ ಮಿಷನ್ ಮುಂದೇನೇ ಹಾಕ್ತೀವಿ ಚಪ್ಪರವ."

ಫೋನು ಅವನ ಕೈಯಲ್ಲೇ ಇತ್ತು. ಅದನ್ನು ಜೇಬಿಗೆ ಹಾಕಿಕೊಂಡ. ನಿನಗೆ ಇವತ್ತಿನಿಂದ ಕೆಲಸವಿಲ್ಲ ಎಂದು ನನ್ನ ಕಡೆ ಬೆರಳು ತೋರಿಸಿದ. ಅಷ್ಟರಲ್ಲಿ ಗೆಬೆಯೆಹು ಒಂದು ಬೆಂಚು ಎಳೆದು ತಂದು ಅವನ ಕಾಲ ಬಳಿ ಇಟ್ಟ.

"ಸಾವಿಗೆ ಬಂದೋರು ನಿಂತಿರ್ಬಾರ್ದು. ಕುಂತ್ಕಳಿ."

ಹಾರ್ಲನ್ ಕೂರಲಿಲ್ಲ, ಹೋಗಲೂ ಇಲ್ಲ. ಆಗ ಅವನ ಹಿಂದೆ ಬಾಗಿಲು ತೆರೆಯಿತು. ಬೆಳಗಿನ ಪಾಳಿಯ ಹೆಂಗಸರು ಹೊರಗೆ ಬರುತ್ತಿದ್ದರು, ನಮ್ಮವರಷ್ಟೇ ಅಲ್ಲ, ಮೆಕ್ಸಿಕೋದವರೂ. ಒಳಗಿನಿಂದ ಯಂತ್ರದ ಸದ್ದು ಬರುತ್ತಿರಲಿಲ್ಲ. ಅವರು ಅದೇ ತಳ್ಳುಗಾಡಿಯನ್ನು ಖಾಲಿಯಾಗಿ ತಳ್ಳಿಕೊಂಡು ಬಂದು ಚಪ್ಪರದ ನಡುವೆ ನಿಲ್ಲಿಸಿದರು. ನಾನು ದೆಬ್ರಿತುವಿನ ಫೋಟೋ ತೆಗೆದು ಅದರೊಳಗೆ ಒರಗಿಸಿ ಇಟ್ಟೆ. ಗಾಡಿಯನ್ನು ನೋಡಿ ಹಾರ್ಲನ್ ಹಿಂದಕ್ಕೆ ಸರಿದ.

ಹೆಂಗಸರು ಎದೆ ಬಡಿದುಕೊಂಡು ಅವಳ ಹೆಸರು ಹಿಡಿದು ಅಳತೊಡಗಿದರು. ಹೋಟೆಲಿನ ಮೇಲಿನ ಮಹಡಿಗಳಲ್ಲಿ ಒಂದೊಂದೇ ಪರದೆ ಸರಿಯಿತು. ನಾವು ಇನ್ನೂ ಗಟ್ಟಿಯಾಗಿ ಕೂಗಿದೆವು.